ದೇವಶಾಸ್ತ್ರ ಕಾಲೇಜುಗಳು: ಹಣದ ದಾರಿ ಬದಲಾಯಿತು, ಯೋಜನೆ?

ಮಂಜೇಶ್ವರ, ಕಾಸರಗೋಡು ಕಡೆಯ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಭಾನುವಾರದ ಪ್ರಸಂಗ ಕನ್ನಡದಲ್ಲಿ ನಡೆಯಬೇಕಾದರೆ ಕನ್ನಡ ಬಲ್ಲ ಸಭಾಪಾಲಕರು ಬೇಕು. ಅವರನ್ನು ತರಬೇತುಗೊಳಿಸುವ ಸಂಸ್ಥೆಗಳು ಬೆರಳೆಣಿಕೆಯಷ್ಟು. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಅವುಗಳಲ್ಲಿ ಹಳೆಯದು. ಆದ್ದರಿಂದ ಇಂತಹ ಕಾಲೇಜುಗಳನ್ನು ಯಾರು, ಹೇಗೆ ನಡೆಸುತ್ತಾರೆ ಎಂಬುದು ಗಡಿಯ ಹಳ್ಳಿಗಳಿಗೂ ಸಂಬಂಧಪಟ್ಟ ವಿಷಯ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1847ರಲ್ಲಿ ಸೆಮಿನರಿ ಆರಂಭಿಸಿತು. 1965ರಲ್ಲಿ ಅದು ತುಮಕೂರಿನ ಯೂನಿಯನ್ ಕೆನರೀಸ್ ಸೆಮಿನರಿಯೊಡನೆ ಸೇರಿ ಈಗಿನ ಕಾಲೇಜಾಯಿತು.

ಇಂತಹ ಕಾಲೇಜಿನ ಪ್ರಾಂಶುಪಾಲರಿಗೆ ಯಜಮಾನರು ಹಲವರು. ಪಠ್ಯಕ್ರಮ, ಪರೀಕ್ಷೆ, ಪದವಿ ಬಂಗಾಳದ ಸೆರಾಂಪುರ ಸೆನೆಟ್ಟಿನ ಕೈಯಲ್ಲಿ. ಸೆರಾಂಪುರ ಕಾಲೇಜಿಗೆ ಪದವಿ ನೀಡುವ ಅಧಿಕಾರ ಬಂದದ್ದು 1827ರ ಡೆನ್ಮಾರ್ಕ್ ದೊರೆಯ ಸನ್ನದಿನಿಂದ, ಅದನ್ನು ಗಟ್ಟಿಗೊಳಿಸಿದ್ದು 1918ರ ಕಾಯಿದೆ. ನೇಮಕ, ಆಸ್ತಿ, ಲೆಕ್ಕಪತ್ರ ಆಡಳಿತ ಮಂಡಳಿಗೆ ಸೇರಿದ್ದು. ಅಲ್ಲಿ ಕೂರುವವರು ಸಭೆಗಳ ಪ್ರತಿನಿಧಿಗಳು. ವಿದ್ಯಾರ್ಥಿಯನ್ನು ಆರಿಸಿ ಕಳಿಸುವುದು ಹೆಚ್ಚಾಗಿ ಧರ್ಮಪ್ರಾಂತ್ಯ. ಇಷ್ಟೆಲ್ಲದರ ನಡುವೆ ಆ ಕುರ್ಚಿಗೆ ಬರುವವರು ಸಾಮಾನ್ಯವಾಗಿ ಅಧ್ಯಾಪಕರೇ. ಗ್ರೀಕ್, ಹೀಬ್ರೂ ಬಲ್ಲವರಿಗೆ ಬಜೆಟ್ ಹಾಕುವುದೂ ಬರಬೇಕೆಂದೇನಿಲ್ಲ!

ಈ ಕೊರತೆಯನ್ನು ಬಹುಕಾಲ ಮುಚ್ಚಿದ್ದು ವಿದೇಶಿ ನೆರವು. ಆ ದಾರಿಯೇ 2020ರಲ್ಲಿ ಬದಲಾಯಿತು. ವಿದೇಶಿ ದೇಣಿಗೆ ಕಾಯಿದೆಗೆ ಆ ವರ್ಷ ತಂದ ತಿದ್ದುಪಡಿಯಂತೆ, ಒಂದು ಸಂಸ್ಥೆ ಪಡೆದ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ಪಡೆಯುವ ಸಂಸ್ಥೆಗೂ ನೋಂದಣಿ ಇದ್ದರೂ ಅಷ್ಟೇ. ಅಂದರೆ ಸಭೆಯ ಕೇಂದ್ರ ಕಚೇರಿ ಹಣ ತರಿಸಿ ಕಾಲೇಜಿಗೆ ಹಂಚುವ ಹಳೆಯ ಪದ್ಧತಿ ಮುಗಿಯಿತು. ಆಡಳಿತ ವೆಚ್ಚದ ಮಿತಿಯೂ ಶೇ. 50ರಿಂದ 20ಕ್ಕೆ ಇಳಿಯಿತು. ಪಾಠ ಹೇಳುವವರ ಸಂಬಳ ಈ ಮಿತಿಗೆ ಸೇರುವುದಿಲ್ಲ ಎಂಬುದು ಸಮಾಧಾನ. ಆದರೆ ಕಚೇರಿ ಖರ್ಚು, ಆಡಳಿತಗಾರರ ಸಂಬಳ, ಓಡಾಟ ಸೇರುತ್ತವೆ. ನೇರ ನೋಂದಣಿ ಇಲ್ಲದ ಸಣ್ಣ ಸೆಮಿನರಿಗಳಿಗೆ ಉಳಿದಿರುವುದು ಸ್ಥಳೀಯ ಸಭೆಗಳ ಕಾಣಿಕೆ, ಶುಲ್ಕ, ಕಟ್ಟಡ ಬಾಡಿಗೆ ಅಷ್ಟೇ.

ಇಲ್ಲಿಯೇ ನಾಯಕತ್ವದ ಪರೀಕ್ಷೆ. ಬಾಡಿಗೆ ಕಟ್ಟಡ ಎಬ್ಬಿಸುವುದು ಸುಲಭ, ಅದು ಕಣ್ಣಿಗೂ ಕಾಣುತ್ತದೆ. ಹಳ್ಳಿಯ ಸಭೆಗಳ ಬಳಿ ಹೋಗಿ ವರ್ಷಕ್ಕಿಷ್ಟು ಎಂದು ಕೇಳುವುದು ಕಷ್ಟ. ಕೇಳಿದರೆ ಅವರೂ ಲೆಕ್ಕ ಕೇಳುತ್ತಾರೆ. ಕೇಳಲಿ, ಅದು ಒಳ್ಳೆಯದೇ. ಇದುವರೆಗೆ ಸಾಧನೆಯೆಂದರೆ ಎಷ್ಟು ಮಂದಿ ಪದವಿ ಪಡೆದರು ಎಂಬ ಪಟ್ಟಿ. ಅವರಲ್ಲಿ ಹಳ್ಳಿಯ ಸಭೆಗೆ ಹೋದವರೆಷ್ಟು, ನಗರದಲ್ಲೇ ಉಳಿದವರೆಷ್ಟು ಎಂಬುದೂ ವಾರ್ಷಿಕ ವರದಿಗೆ ಬರಬೇಕು.

ಕಾಸರಗೋಡಿನಂತಹ ಕಡೆ ಇನ್ನೂ ಒಂದು ಮಾತಿದೆ. ಪ್ರಸಂಗ ಕನ್ನಡದಲ್ಲಿ, ಮನೆಮಾತು ತುಳು, ಪಂಚಾಯತು ಕಚೇರಿಯ ಕಾಗದ ಮಲಯಾಳದಲ್ಲಿ. ಮರಣ ಪ್ರಮಾಣಪತ್ರಕ್ಕೆ ಅರ್ಜಿ ಬರೆದುಕೊಡಿ ಎಂದು ಜನ ಮೊದಲು ಹೋಗುವುದು ಸಭಾಪಾಲಕರ ಮನೆಗೆ. ಮಂಗಳೂರಿನಿಂದ ಕಳಿಸುವ ಹುಡುಗನಿಗೆ ಆರು ತಿಂಗಳ ಮಲಯಾಳ ಪಾಠ ಹೇಳಿಸಲು ವಿದೇಶದ ಹಣ ಬೇಕಿಲ್ಲ.