ನಾಯಿ ಸ್ನಾನದ ನೀರು ಹೋಗುವುದೆಲ್ಲಿಗೆ?

ಜರಗನಹಳ್ಳಿಯ ಅಡ್ಡರಸ್ತೆಗಳಲ್ಲಿ ಭಾನುವಾರ ಬೆಳಿಗ್ಗೆ ಎರಡು ಬಗೆಯ ಮಜ್ಜನ ನಡೆಯುತ್ತದೆ. ಒಂದು ಸ್ಕೂಟರಿಗೆ, ಇನ್ನೊಂದು ನಾಯಿಗೆ. ಶ್ವಾನ ಮಹಾಶಯನನ್ನು ಗೇಟಿಗೆ ಕಟ್ಟುವುದು, ನಲ್ಲಿಗೆ ಪೈಪು ಸಿಕ್ಕಿಸುವುದು, ಮೈತುಂಬ ನೊರೆ ಬರಿಸಿ ತಿಕ್ಕುವುದು. ನಾಯಿ ಒಂದು ಸಲ ಮೈ ಝಾಡಿಸಿತೆಂದರೆ ದಾರಿಹೋಕರ ಇಸ್ತ್ರಿ ಅಂಗಿಗೆ ಪ್ರೋಕ್ಷಣೆ! ನೊರೆನೀರು ಇಳಿಜಾರು ಹಿಡಿದು, ಪಕ್ಕದ ಅಂಗಡಿಯ ಮೆಟ್ಟಿಲು ಸವರಿ, ಬಸ್ಸಿಗೆ ಕಾಯುವವರ ಚಪ್ಪಲಿ ತೋಯಿಸಿ, ಕೊನೆಗೆ ರಸ್ತೆಬದಿಯ ಚರಂಡಿಗೆ ಬೀಳುತ್ತದೆ. ಅಲ್ಲಿಗೆ ಸ್ನಾನ ಮುಗಿಯಿತೆಂದು ಯಜಮಾನರ ಲೆಕ್ಕ. ಜಗಳ ಶುರುವಾಗುವುದೂ ಅಲ್ಲಿಂದಲೇ.

“ಏನ್ರೀ ಇದು, ಗಿರಾಕಿ ಕಾಲಿಡೋ ಜಾಗ” ಅಂತ ಅಂಗಡಿಯವರು. “ನಮ್ ಮನೆ ಮುಂದೆ ನಾವ್ ತೊಳೀತೀವಿ, ನಿಮಗೇನ್ರೀ ಕಷ್ಟ” ಅಂತ ನಾಯಿಯವರು. “ನಾಯಿ ತೊಳೆಯೋಕೇ ಈಗ ಅಂಗಡಿಗಳಿವೆಯಲ್ಲ, ಅಲ್ಲಿಗೆ ಕರ್ಕೊಂಡು ಹೋಗ್ಬಾರ್ದಾ” ಅಂತ ನಡುವೆ ಮೂರನೆಯವರ ಉಪದೇಶ. ಮನೆಯಲ್ಲಿ ತೊಳೆಯುವುದು ಸರಿಯೋ, ಅಂಗಡಿಯಲ್ಲಿ ತೊಳೆಸುವುದು ಸರಿಯೋ ಎಂಬ ವಾದ ಹೀಗೆ ವಾರವಾರವೂ ನಡೆಯುತ್ತದೆ. ಆದರೆ ಮೂವರೂ ಕೇಳದ ಪ್ರಶ್ನೆಯೊಂದಿದೆ. ಆ ನೀರು ಹೋಗುವುದೆಲ್ಲಿಗೆ?

ಎರಡು ಚರಂಡಿ, ಎರಡು ದಾರಿ

ಬೆಂಗಳೂರಿನಲ್ಲಿ ಚರಂಡಿ ಎಂದರೆ ಒಂದೇ ಅಲ್ಲ. ಬಚ್ಚಲುಮನೆಯ ನೀರು ಜಲಮಂಡಲಿಯ ಒಳಚರಂಡಿಗೆ ಇಳಿಯುತ್ತದೆ. ಕೊಳವೆಯಲ್ಲಿ ಹರಿದು ಶುದ್ಧೀಕರಣ ಘಟಕ ಸೇರಬೇಕಾದ ನೀರು ಅದು. ರಸ್ತೆ ಬದಿಯಲ್ಲಿ ಕಲ್ಲುಚಪ್ಪಡಿ ಮುಚ್ಚಿದ ಮೋರಿ ಬೇರೆ. ಅದು ಮಳೆನೀರಿಗೆಂದು ಮಾಡಿದ್ದು. ಅದರಲ್ಲಿ ಬಿದ್ದ ನೀರು ಯಾವ ಘಟಕದ ಮುಖವನ್ನೂ ನೋಡದೆ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಹೋಗುತ್ತದೆ.

ಅದೇ ನಾಯಿ, ಅದೇ ಶಾಂಪೂ, ಅದೇ ನಾಲ್ಕು ಬಕೆಟ್ ನೀರು. ಬಚ್ಚಲಲ್ಲಿ ತೊಳೆದರೆ ಒಳಚರಂಡಿಗೆ, ಗೇಟಿನ ಮುಂದೆ ತೊಳೆದರೆ ಕೆರೆಗೆ. ವ್ಯತ್ಯಾಸ ಹತ್ತು ಹೆಜ್ಜೆ ಮಾತ್ರ. ಆ ಹತ್ತು ಹೆಜ್ಜೆ ನಡೆಯಲು ಸೋಮಾರಿತನ.

ಜರಗನಹಳ್ಳಿಯ ಬಗಲಲ್ಲೇ ಸಾರಕ್ಕಿ ಕೆರೆ. ಸುಮಾರು 82 ಎಕರೆಯ ಈ ಕೆರೆಯನ್ನು ಉಳಿಸಿಕೊಳ್ಳಲು 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ಜೆಸಿಬಿ ತಂದು ಒತ್ತುವರಿ ತೆರವು ಮಾಡಿತು. ಕಟ್ಟಿದ ಮನೆಗಳು ಕಣ್ಣೆದುರಿಗೇ ಉರುಳಿದವು. ಅಷ್ಟು ದೊಡ್ಡ ಬೆಲೆ ತೆತ್ತು ಬಿಡಿಸಿಕೊಂಡ ಕೆರೆಯ ಊರಿನಲ್ಲಿ ಮೋರಿಗೆ ನೊರೆ ಬಿಡುವುದು ನ್ಯಾಯವೇ? ನೊರೆ ಏನು ಮಾಡುತ್ತದೆ ಎಂದು ಕೇಳುವವರು ಬೆಳ್ಳಂದೂರನ್ನು ನೆನೆಯಲಿ. 2015ರಲ್ಲಿ ಆ ಕೆರೆಯ ನೊರೆಗೆ ಬೆಂಕಿ ಹೊತ್ತಿದ್ದನ್ನು ದೇಶವೇ ನೋಡಿತು. ಅದು ನಾಯಿ ಸ್ನಾನದಿಂದ ಆದದ್ದಲ್ಲ, ಊರಿನ ಕೊಳಚೆಯಿಂದ, ಕಾರ್ಖಾನೆ ಹೊಲಸಿನಿಂದ, ಮನೆಮನೆಯ ಸೋಪಿನಿಂದ ಆದದ್ದು. ಆದರೆ ಊರಿನ ಕೊಳಚೆ ಎಂಬುದು ಯಾರದೋ ಒಬ್ಬರ ಮನೆಯದಲ್ಲ. ಎಲ್ಲರ ಮನೆಯ ಚೊಂಬು ಚೊಂಬು ಕೂಡಿದ್ದೇ ಅದು.

ಉಣ್ಣಿಗೆ ಈಜು ಬರುತ್ತದೆ!

ಸೋಪಿಗಿಂತ ಕೆಟ್ಟದ್ದು ಇನ್ನೊಂದಿದೆ. ನಾಯಿಯ ಮೈಯ ಉಣ್ಣಿ ಸಾಯಲೆಂದು ಔಷಧಿ ಅಂಗಡಿಯಿಂದ ತಂದು ನೀರಿಗೆ ಬೆರೆಸುವ ದ್ರಾವಣ. ಹೀಗೆ ಬಳಕೆಯಲ್ಲಿರುವ ಸೈಪರ್‌ಮೆಥ್ರಿನ್ ಎಂಬ ಔಷಧಿ ಮೀನಿಗೆ ಘೋರ ವಿಷ. ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಎಚ್ಚರಿಕೆ ಬರೆದಿರುತ್ತದೆ. ಯಾರು ಓದುತ್ತಾರೆ? ಮಿಕ್ಕಿದ್ದನ್ನು ಮೋರಿಗೆ ಚೆಲ್ಲಿ ಕೈ ತೊಳೆದುಕೊಂಡರಾಯಿತು.

ಔಷಧಿ ಇಲ್ಲದೆ ಬರೀ ಸೋಪಿನಲ್ಲಿ ತೊಳೆದು, ಕಿತ್ತ ಉಣ್ಣಿಗಳನ್ನು ನೀರಿನ ಜೊತೆ ಹರಿಯಬಿಡುವವರೂ ಇದ್ದಾರೆ. ನೀರಿಗೆ ಬಿದ್ದ ಉಣ್ಣಿ ಸತ್ತಿತೆಂದು ಅವರ ನಂಬಿಕೆ. ಉಣ್ಣಿ ಅಷ್ಟು ಸುಲಭಕ್ಕೆ ಸಾಯುವ ಜೀವವಲ್ಲ. ನೀರಿನಲ್ಲಿ ದಿನಗಟ್ಟಲೆ ಬದುಕಿ, ದಡ ಸಿಕ್ಕಿದ ಕಡೆ ಹತ್ತಿ ಗೋಡೆಯ ಸಂದಿ ಸೇರುತ್ತದೆ. ರಕ್ತ ಕುಡಿದು ಉಬ್ಬಿದ ಒಂದೊಂದು ಹೆಣ್ಣು ಉಣ್ಣಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಹತ್ತಿರದ ಬೀದಿನಾಯಿಗೆ, ಎದುರು ಮನೆಯ ನಾಯಿಗೆ, ಕೊನೆಗೆ ತಿರುಗಿ ಅದೇ ಯಜಮಾನರ ನಾಯಿಗೆ ಹತ್ತಿಕೊಳ್ಳುತ್ತದೆ. ನಾಯಿಗಳನ್ನು ಕಾಡುವ ಉಣ್ಣಿಜ್ವರ ಹರಡುವುದು ಹೀಗೇ. ಕಿತ್ತ ಉಣ್ಣಿಯನ್ನು ಒಂದು ಡಬ್ಬಿಯ ಸ್ಪಿರಿಟ್ಟಿನಲ್ಲಿ ಹಾಕಿ ಮುಚ್ಚಿಟ್ಟರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಖರ್ಚು ಕಾಸಿನಷ್ಟು.

ವಾರವಾರ ಯಾಕೆ?

ಇನ್ನು ನಾಯಿಯ ಹಿತದ ಮಾತು. ಮನುಷ್ಯನ ಚರ್ಮಕ್ಕೆ ಒಂದಿಷ್ಟು ಹುಳಿಗುಣ ಇದೆ. ನಾಯಿಯ ಚರ್ಮಕ್ಕೆ ಅಷ್ಟಿಲ್ಲ, ಮನುಷ್ಯನದಕ್ಕಿಂತ ತೆಳುವೂ ಹೌದು. ಅದಕ್ಕೇ ಮನೆಯವರ ಮೈಸೋಪು, ತಲೆಗೆ ಹಾಕುವ ಶಾಂಪೂ ನಾಯಿಗೆ ಒಗ್ಗುವುದಿಲ್ಲ. ಬಟ್ಟೆ ಸೋಪು, ಪಾತ್ರೆ ಪುಡಿಯಂತೂ ಮಾತಾಡುವ ಹಾಗೇ ಇಲ್ಲ. ತುರಿಕೆ, ಹೊಟ್ಟು, ಕೂದಲು ಉದುರುವುದು. ಆಮೇಲೆ “ನಾಯಿ ಕೆರ್ಕೊಳ್ತಾ ಇದೆ, ಇನ್ನೊಂದ್ ಸಲ ಸ್ನಾನ ಮಾಡ್ಸೋಣ” ಅಂತ ಮತ್ತೆ ಅದೇ ಸೋಪು.

ಕಾಯಿಲೆ ಇಲ್ಲದ ನಾಯಿಗೆ ಸಾಮಾನ್ಯವಾಗಿ ತಿಂಗಳಿಗೊಂದು ಸ್ನಾನ ಸಾಕು. ಪದೇ ಪದೇ ತೊಳೆದರೆ ಚರ್ಮ ಕಾಯುವ ಜಿಡ್ಡು ಹೋಗಿ ಕೇಡೇ ಹೆಚ್ಚು. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ಅಂಚೆ ಇಲಾಖೆ 2005ರಲ್ಲಿ ಅಂಚೆಚೀಟಿ ಹೊರಡಿಸಿ ಗೌರವಿಸಿತು. ಅಂಥ ಗಿಡ್ಡಗೂದಲಿನ ನಾಯಿಗೆ, ಊರಿನ ನಾಟಿ ನಾಯಿಗೆ, ನಡುವೆ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ನಡೆಯುತ್ತದೆ. ಉದ್ದಗೂದಲಿನ ನಾಯಿಗೆ ನಿತ್ಯ ಬಾಚಣಿಗೆಯೇ ಮುಖ್ಯ, ನೀರಲ್ಲ. ಕುತ್ತಿಗೆಗೆ ಉಣ್ಣಿಯ ಔಷಧಿ ಹನಿ ಹಾಕಿಸಿದ್ದರೆ ಎರಡು ದಿನವಾದರೂ ಸ್ನಾನ ಬೇಡ, ಹಾಕಿದ ದುಡ್ಡು ನೀರಿಗೆ ಹೋಗುತ್ತದೆ.

ನಲ್ಲಿಯ ಲೆಕ್ಕ

ನೀರಿನ ಲೆಕ್ಕವನ್ನು ಯಾರು ಬೇಕಾದರೂ ಮನೆಯಲ್ಲೇ ಹಾಕಬಹುದು. ಪೈಪನ್ನು 20 ಲೀಟರಿನ ಬಕೆಟ್ಟಿಗೆ ಬಿಟ್ಟು ಗಡಿಯಾರ ನೋಡಲಿ. ಒಂದೂಕಾಲು ನಿಮಿಷಕ್ಕೆ ತುಂಬಿದರೆ ನಿಮಿಷಕ್ಕೆ 16 ಲೀಟರ್. ಕಾಲು ಗಂಟೆ ಪೈಪು ಬಿಟ್ಟರೆ 240 ಲೀಟರ್. ಅದೇ ಚೊಂಬು ಬಕೆಟ್ಟಿನಲ್ಲಿ ಮಾಡಿದರೆ ದೊಡ್ಡ ನಾಯಿಗೂ ಮೂರು ನಾಲ್ಕು ಬಕೆಟ್, ಎಂದರೆ 60ರಿಂದ 80 ಲೀಟರಿನಲ್ಲಿ ಮುಗಿಯುತ್ತದೆ. ಉಳಿದ 160 ಲೀಟರ್ ಬೀದಿಗೆ ದಾನ!

ಈ ನೀರು ಸುಮ್ಮನೆ ಬಂದದ್ದಲ್ಲ. ಸುಮಾರು 100 ಕಿ.ಮೀ. ದೂರದ ಕಾವೇರಿಯಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ತಂದ ನೀರು. 2024ರ ಬೇಸಿಗೆ ಯಾರಿಗೂ ಮರೆತಿರಲಾರದು. ನಗರದ ಸುಮಾರು 14,000 ಸರಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಆಗ ಮುಖ್ಯಮಂತ್ರಿಗಳೇ ಹೇಳಿದರು. ಟ್ಯಾಂಕರಿನವರು ಬಾಯಿಗೆ ಬಂದ ರೇಟು ಹೇಳಿದಾಗ ಜಿಲ್ಲಾಡಳಿತ 5 ಕಿ.ಮೀ. ಒಳಗಿನ 6,000 ಲೀಟರಿನ ಟ್ಯಾಂಕರಿಗೆ 600 ರೂ. ಎಂದು ಕಟ್ಟು ಮಾಡಬೇಕಾಯಿತು. ಆ ಮಾರ್ಚ್‌ನಲ್ಲೇ ಜಲಮಂಡಲಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದು, ಕೈತೋಟಕ್ಕೆ ಬಿಡುವುದು ಇತ್ಯಾದಿಗಳನ್ನು ನಿಷೇಧಿಸಿ 5,000 ರೂ. ದಂಡ ಗೊತ್ತುಮಾಡಿತು. 22 ಕುಟುಂಬಗಳಿಂದ 1.1 ಲಕ್ಷ ರೂ. ವಸೂಲಾಯಿತು. 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ ಹೊರಬಿತ್ತು.

ಸ್ಕೂಟರ್ ತೊಳೆದರೆ ದಂಡ, ನಾಯಿ ತೊಳೆದರೆ ಇಲ್ಲ ಎಂದು ಯಾರಾದರೂ ಪಾಯಿಂಟು ಹಾಕಬಹುದು. ನಾಯಿ ಜೀವ, ಅದಕ್ಕೆ ಸ್ನಾನ ಬೇಕು, ಒಪ್ಪತಕ್ಕ ಮಾತೇ. ಆದರೆ ಸ್ನಾನ ಬೇಕಾದದ್ದು ನಾಯಿಗೆ, ರಸ್ತೆಗಲ್ಲ. ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ, ಇನ್ನೇನು ಬರ ಎನ್ನುವವರೂ ಉಂಟು. ಊರು ಬೆಳೆಯುವ ವೇಗಕ್ಕೆ ಯಾವ ಹಂತವೂ ಎಷ್ಟು ದಿನ ಸಾಕಾದೀತು?

ಅಂಗಡಿಯ ರೇಟು, ವಠಾರದ ಪಾಡು

ಹಾಗಾದರೆ ಅಂಗಡಿಗೆ ಕರೆದೊಯ್ಯಿರಿ ಎನ್ನುವುದು ಸುಲಭ. ಕನಕಪುರ ರಸ್ತೆಯಲ್ಲಿ, ಜೆ.ಪಿ. ನಗರದಲ್ಲಿ ಈಗ ಕಾಣುವುದು ಹೆಚ್ಚಾಗಿ ಗ್ರೂಮಿಂಗ್ ಅಂಗಡಿಗಳು. ನಾಯಿಯನ್ನು ಒಪ್ಪಿಸಿ ಹೊರಗೆ ಕಾಯಬೇಕು. ಸ್ನಾನ, ಕೂದಲು, ಉಗುರು ಎಲ್ಲ ಅವರೇ ಮಾಡುತ್ತಾರೆ. ಬಿಲ್ಲು ಹಲವು ನೂರು, ದೊಡ್ಡ ನಾಯಿಗೆ ಸಾವಿರ ದಾಟುತ್ತದೆ. ಬಹುಮಹಡಿ ಫ್ಲಾಟಿನವರಿಗೆ ಅದು ಭಾರವಲ್ಲ. ಹಳೇ ಜರಗನಹಳ್ಳಿಯ ವಠಾರದಲ್ಲಿ ಒಂದು ಕೋಣೆಯ ಮನೆ ಮಾಡಿಕೊಂಡು, ಬೀದಿಯಲ್ಲಿ ಸಿಕ್ಕಿದ ಮರಿಯನ್ನು ಸಾಕಿಕೊಂಡವರು ಎಲ್ಲಿಗೆ ಹೋಗಬೇಕು? ನಾಲ್ಕು ಮನೆಗೆ ಒಂದು ಬಚ್ಚಲು. ಅದರಲ್ಲಿ ನಾಯಿ ತೊಳೆದರೆ ಉಳಿದ ಮೂರು ಮನೆಯವರು ಸುಮ್ಮನಿರುತ್ತಾರೆಯೇ? ಬೀದಿಗೆ ಬರುವವರಲ್ಲಿ ಎಲ್ಲರೂ ಸೋಮಾರಿಗಳಲ್ಲ, ಜಾಗವಿಲ್ಲದವರೂ ಇದ್ದಾರೆ.

ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಆಸ್ಟ್ರೇಲಿಯಾದಲ್ಲಿ ಕಾರು ತೊಳೆಯುವ ಜಾಗ, ಪೆಟ್ರೋಲ್ ಬಂಕ್‌ಗಳ ಪಕ್ಕದಲ್ಲೇ ನಾಯಿ ತೊಳೆಯುವ ತೊಟ್ಟಿ ಇಟ್ಟಿರುತ್ತಾರೆ. ಸೊಂಟದೆತ್ತರದ ಸ್ಟೀಲ್ ತೊಟ್ಟಿ. ದುಡ್ಡು ಹಾಕಿದರೆ ಇಷ್ಟು ನಿಮಿಷ ಅಂತ ಬೆಚ್ಚಗಿನ ನೀರು, ಶಾಂಪೂ, ಕೊನೆಗೆ ಒಣಗಿಸುವ ಬಿಸಿಗಾಳಿ. ತೊಳೆಯುವವರು ನಾಯಿಯ ಯಜಮಾನರೇ. ಕೂಲಿ ಇಲ್ಲದ್ದರಿಂದ ಖರ್ಚು ಕಮ್ಮಿ. ನಾಯಿಗೂ ಪರಿಚಯದ ಕೈಯೇ ಮೈಮೇಲೆ ಇರುವುದರಿಂದ ಹೆದರಿಕೆ ಕಮ್ಮಿ. ಸಮಯ ಮುಗಿದರೆ ನೀರು ತಾನೇ ನಿಲ್ಲುತ್ತದೆ. ಮುಖ್ಯವಾಗಿ, ನೀರು ಹೋಗುವ ದಾರಿ ಒಂದೇ, ಅದು ಮೊದಲೇ ಗೊತ್ತುಮಾಡಿದ್ದು.

ಇದೇನು ಪರದೇಶದ ಶೋಕಿ ಎಂದು ಮೂಗು ಮುರಿಯಬೇಕಾಗಿಲ್ಲ. ಬಟ್ಟೆ ಒಗೆಯಲು ಮಲ್ಲೇಶ್ವರದಲ್ಲಿ ದೋಭಿಘಾಟ್ ಇದೆ. ಸ್ಕೂಟರಿಗೆ ಊರತುಂಬ ವಾಟರ್ ಸರ್ವಿಸ್ ಇದೆ. ಕೊಳೆ ತೊಳೆಯಲು ಒಂದು ಗೊತ್ತಾದ ಜಾಗ ಎಂಬುದು ಈ ಊರಿಗೆ ಹಳೆಯ ವಿಚಾರವೇ.

ಆಗಬೇಕಾದದ್ದು

ಹೊಸ ಕಸುಬು ಹುಡುಕುವ ಅಂಗಡಿಕಾರರು, ಈಗಾಗಲೇ ವಾಟರ್ ಸರ್ವಿಸ್ ನಡೆಸುವವರು ಇದನ್ನು ಯೋಚಿಸಲಿ. ಒಂದು ತೊಟ್ಟಿ, ಒಂದು ಗೀಸರ್, ಗಂಟೆ ಲೆಕ್ಕಕ್ಕೆ ಒಬ್ಬ ಹುಡುಗ. ನೂರೈವತ್ತು ರೂಪಾಯಿ ಆಜುಬಾಜಿನಲ್ಲಿ ರೇಟು ಇಟ್ಟರೆ ವಠಾರದವರೂ ತಿಂಗಳಿಗೊಮ್ಮೆ ಬಂದಾರು. ಆದರೆ ಕಂಡೀಷನ್ನುಗಳು ಕಟ್ಟುನಿಟ್ಟಾಗಿರಬೇಕು. ನೀರು ಒಳಚರಂಡಿಗೇ ಸೇರಬೇಕು, ಮೋರಿಗಲ್ಲ. ಬಾಯಿಗೆ ಜಾಲರಿ ಇರಬೇಕು, ಇಲ್ಲದಿದ್ದರೆ ಕೂದಲು ಕಟ್ಟಿ ಇಡೀ ಬೀದಿಯ ಮ್ಯಾನ್‌ಹೋಲ್ ಉಕ್ಕುತ್ತದೆ. ಪ್ರತಿ ನಾಯಿಯ ನಂತರ ತೊಟ್ಟಿ ಔಷಧಿ ಹಾಕಿ ತೊಳೆಯಬೇಕು, ಇಲ್ಲದಿದ್ದರೆ ಒಂದರ ಕಜ್ಜಿ ಹತ್ತಕ್ಕೆ. ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಚೀಟಿ ತೋರಿಸದವರಿಗೆ ಪ್ರವೇಶ ಬೇಡ. ನೆಲ ತೊಳೆಯಲು ಕಾವೇರಿ ನೀರು ಬೇಡ, ಸಂಸ್ಕರಿಸಿದ ನೀರು ಸಾಕು.

ನಗರಪಾಲಿಕೆಯದೂ ಒಂದು ಪಾಲಿದೆ. ಈಗಿರುವ ಗ್ರೂಮಿಂಗ್ ಅಂಗಡಿಗಳಿಗೆ ಲೈಸೆನ್ಸ್ ಕೊಡುವ ಮುಂಚೆ ಅಧಿಕಾರಿಗಳು ಬಗ್ಗಿ, ಪೈಪು ಎಲ್ಲಿ ಇಳಿದಿದೆ ಅಂತ ನೋಡಬೇಕು. ಮುಂದಿನ ಗಾಜು, ಬಣ್ಣದ ಬೋರ್ಡು ನೋಡಿ ಸಹಿ ಹಾಕುವುದಲ್ಲ. ಹಿಂದಿನ ಪೈಪು ಮೋರಿಗೆ ಇಳಿದಿದ್ದರೆ ಸಾವಿರ ರೂಪಾಯಿ ಕೊಟ್ಟು ತೊಳೆಸಿದ ಸ್ನಾನಕ್ಕೂ, ಗೇಟಿನ ಮುಂದಿನ ಪುಕ್ಕಟೆ ಸ್ನಾನಕ್ಕೂ ಕೆರೆಯ ಮಟ್ಟಿಗೆ ಯಾವ ವ್ಯತ್ಯಾಸವೂ ಇಲ್ಲ.

ಅಂಥ ತೊಟ್ಟಿ ಬರುವ ತನಕ ಮನೆಯ ಸ್ನಾನವೇ ಇರಲಿ. ಬಚ್ಚಲಲ್ಲಿ ಆಗಲಿ, ಇಲ್ಲವೆಂದರೆ ನೀರು ಒಳಚರಂಡಿಗೆ ಇಳಿಯುವ ಹಿತ್ತಲ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಆಗಲಿ. ವಠಾರದವರು ತಿಂಗಳಿಗೊಂದು ದಿನ ಗೊತ್ತುಮಾಡಿಕೊಂಡು, ಮುಗಿದ ಮೇಲೆ ಬಚ್ಚಲಿಗೆ ಫಿನಾಯಿಲ್ ಹಾಕಿ ತೊಳೆದುಕೊಟ್ಟರೆ ನೆರೆಯವರೂ ಹೂಂ ಅಂದಾರು. ಪೈಪು ಬೇಡ, ಚೊಂಬು ಸಾಕು. ಬಿಸಿಲೇರಿದ ಮೇಲೆ, ಬೆಚ್ಚಗಿನ ನೀರು, ಕಿವಿಗೆ ಹತ್ತಿ, ನಾಯಿಯದೇ ಶಾಂಪೂ, ಕೊನೆಗೆ ಒಣ ಟವೆಲ್.

ನಾಯಿ ನಿಯತ್ತಿನ ಪ್ರಾಣಿ ಎಂದು ಹೊಗಳದ ಬಾಯಿಲ್ಲ. ಅದನ್ನು ಸಾಕಿದವರು ಊರಿನ ಕೆರೆಗೆ, ನೆರೆಯ ಅಂಗಡಿಗೆ ಅದರಲ್ಲಿ ಕಾಲುಪಾಲು ನಿಯತ್ತು ತೋರಿಸಿದರೂ ಸಾಕು. ಮೋರಿಯ ಬಾಯಲ್ಲಿ ನೊರೆ ಕಂಡರೆ ಜಲಮಂಡಲಿ, ಪಾಲಿಕೆಯವರು ಕಣ್ಣು ಮುಚ್ಚಿಕೊಂಡು ಹೋಗದಿರಲಿ.