ಬಣ್ಣ ಬಳಿಯದೆ ಮಾರುವುದೇ ಸರಿ

ಮನೆ ಮಾರುವ ಮುನ್ನ ಗೋಡೆಗೆ ಬಣ್ಣ ಹೊಡೆಸುವುದು ಎಲ್ಲ ಊರಿನ ರೂಢಿ. ಹಳೆಯ ಸ್ಕೂಟರ್ ಮಾರುವವರೂ ಒಮ್ಮೆ ಪಾಲಿಶ್ ಮಾಡಿಸಿಯೇ ಗಿರಾಕಿಗೆ ತೋರಿಸುತ್ತಾರೆ. ನೋಡಲು ಚೆನ್ನಾಗಿದ್ದರೆ ನಾಲ್ಕು ಕಾಸು ಹೆಚ್ಚು ಬಂದೀತೆಂಬ ಲೆಕ್ಕ. ಈ ಲೆಕ್ಕ ತಲೆಕೆಳಗಾಗುವುದು ಐವತ್ತು ಅರವತ್ತು ವರ್ಷ ಹಳೆಯ ಯುರೋಪಿನ ಸ್ಪೋರ್ಟ್ಸ್ ಕಾರುಗಳ ಮಾರುಕಟ್ಟೆಯಲ್ಲಿ. ಕಾರ್ಖಾನೆಯಲ್ಲಿ ಹೊಡೆದ ಬಣ್ಣವೇ ಮಾಸಿಕೊಂಡು ಉಳಿದಿದ್ದರೆ, ಸೀಟಿನ ಚರ್ಮ ಸುಕ್ಕುಗಟ್ಟಿದ್ದರೂ ಹರಿಯದೆ ಇದ್ದರೆ, ಅಂಥ ಕಾರನ್ನು ಮಾರಲು ಹೊರಟವರು ಮೊದಲು ಮಾಡಬೇಕಾದ ಕೆಲಸವೆಂದರೆ ಪೇಂಟರನ್ನು ದೂರ ಇಡುವುದು.

ಜಾಗ್ವಾರ್ ಇ-ಟೈಪನ್ನೇ ನೋಡಿ. 1961ರ ಮಾರ್ಚಿನಲ್ಲಿ ಜಿನೀವಾ ಪ್ರದರ್ಶನದಲ್ಲಿ ಅದು ಮೊದಲು ಕಾಣಿಸಿಕೊಂಡಿತು. 1970ರ ದಶಕದ ಮಧ್ಯದಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ 70,000ಕ್ಕೂ ಹೆಚ್ಚು ಕಾರುಗಳು ಇಂಗ್ಲೆಂಡಿನ ಕಾವೆಂಟ್ರಿಯಿಂದ ಹೊರಬಿದ್ದಿದ್ದವು. ಹಾಗಾಗಿ ಇ-ಟೈಪ್ ಅಪರೂಪದ ಕಾರೇನಲ್ಲ. ಯಾರೂ ಬಿಚ್ಚದ ಇ-ಟೈಪ್ ಅಪರೂಪ. ಅಲ್ಲಿನ ಮಳೆ, ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಎಷ್ಟೋ ಕಾರುಗಳ ತಗಡನ್ನು ತಿಂದುಹಾಕಿದವು. ತುಕ್ಕಿನಿಂದ ಪಾರಾದವು 1980ರ ದಶಕದ ದುಡ್ಡಿನ ಕೈಗೆ ಸಿಕ್ಕವು. ಹಳೆಯ ಕಾರುಗಳ ಬೆಲೆ ಏರುತ್ತಿದ್ದ ಆ ವರ್ಷಗಳಲ್ಲಿ ಒಳ್ಳೆಯ ಸ್ಥಿತಿಯಲ್ಲಿದ್ದ ಕಾರನ್ನೂ ಪೂರ್ತಿ ಬಿಚ್ಚಿ, ಮೂಲದ ಬೂದು, ಹಸಿರು ಬಣ್ಣಗಳನ್ನು ಕೆರೆದು, ಬೇಗ ಖರ್ಚಾಗುವ ಕೆಂಪು ಬಳಿದವರಿದ್ದರು.

ಹೀಗೆ ಸಿಂಗರಿಸಿಕೊಂಡ ಕಾರು ಅಂದವಾಗಿಯೇ ಇರುತ್ತದೆ. ತೊಂದರೆ ಎಂದರೆ, ಅದು ಕಾವೆಂಟ್ರಿಯಿಂದ ಹೊರಬಂದ ದಿನವೂ ಅಷ್ಟು ಅಂದವಾಗಿರಲಿಲ್ಲ. ಅಲ್ಲಿನ ಕೆಲಸಗಾರರು ತಗಡಿನ ಬೆಸುಗೆಗಳ ಮೇಲೆ ಸೀಸ ತುಂಬಿ, ಅರದಿಂದ ಉಜ್ಜಿ, ಕೈಯಲ್ಲೇ ಸವರಿ ಸಮ ಮಾಡುತ್ತಿದ್ದರು. ಎಡಬಾಗಿಲಿನ ಸಂದಿಗೂ ಬಲಬಾಗಿಲಿನ ಸಂದಿಗೂ ತುಸು ವ್ಯತ್ಯಾಸ ಇದ್ದೇ ಇರುತ್ತಿತ್ತು. ಬಾನೆಟ್ಟಿನ ಒಳಮೈಯಲ್ಲಿ ಬಣ್ಣ ಎಲ್ಲಿಯವರೆಗೆ ಸಿಡಿದಿದೆ, ಯಾವ ಬೋಲ್ಟಿಗೆ ಯಾವ ಲೇಪವಿದೆ, ಕಾರ್ಪೆಟ್ಟಿನ ಅಂಚನ್ನು ಹೇಗೆ ಹೊಲಿದಿದ್ದಾರೆ, ಇವೆಲ್ಲ ಯಾವ ಕೈಪಿಡಿಯಲ್ಲೂ ಪೂರ್ತಿಯಾಗಿ ಇಲ್ಲ. ಇರುವುದು ಬಿಚ್ಚದ ಕಾರಿನಲ್ಲಿ ಮಾತ್ರ. ಬೇರೆ ಇ-ಟೈಪುಗಳನ್ನು ಶ್ರದ್ಧೆಯಿಂದ ಸರಿಪಡಿಸುವವರೂ ಕಡೆಗೆ ಬಂದು ನೋಡಬೇಕಾದದ್ದು ಇಂಥ ಕಾರನ್ನೇ. ತಮಿಳುನಾಡಿನ ಹಳೆಯ ದೇವಾಲಯಗಳಲ್ಲಿ ಕಲ್ಲು ಚೊಕ್ಕವಾಗಲೆಂದು ರಭಸವಾಗಿ ಮರಳು ಹಾಯಿಸಿದಾಗ ಕೊಳೆಯ ಜೊತೆಗೆ ಶಾಸನದ ಅಕ್ಷರಗಳೂ ಸವೆದುಹೋದ ಸಂಗತಿ ಚೆನ್ನೈನ ಓದುಗರಿಗೆ ನೆನಪಿರಬಹುದು. ಕಾರಿನಲ್ಲಿ ನಡೆಯುವುದೂ ಅದೇ.

ಕಟ್ಟಡಗಳ ಲೋಕ ಈ ಪಾಠವನ್ನು ಮೊದಲೇ ಕಲಿಯಿತು. 1964ರ ವೆನಿಸ್ ಸನ್ನದು ಸ್ಮಾರಕಗಳ ಸಂರಕ್ಷಣೆಗೆ ತತ್ವಗಳನ್ನು ರೂಪಿಸಿತು. ಕಾರಿನ ಲೋಕಕ್ಕೆ ಸುಮಾರು ಐವತ್ತು ವರ್ಷ ಹಿಡಿಯಿತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ, ವೆನಿಸ್ ಸನ್ನದಿನ ಜಾಡಿನಲ್ಲೇ ಟ್ಯೂರಿನ್ ಸನ್ನದನ್ನು ತಂದಿತು. ಇರುವುದನ್ನು ಉಳಿಸಿಕೊಳ್ಳುವುದು ಮೊದಲು, ಹೊಸದಾಗಿಸುವುದು ಕೊನೆಗೆ ಎಂಬುದು ಅದರ ಒಟ್ಟು ಧೋರಣೆ. ಅಮೆರಿಕದ ಪೆಬಲ್ ಬೀಚ್ ಪ್ರದರ್ಶನದಲ್ಲಿ, ಫಳಫಳಿಸುವ ಕಾರುಗಳಿಗೇ ಬಹುಮಾನ ಕೊಡುತ್ತಿದ್ದ ಹುಲ್ಲುಹಾಸಿನ ಮೇಲೆಯೇ, ಈಗ ಬಿಚ್ಚದ ಕಾರುಗಳಿಗೆ ಪ್ರತ್ಯೇಕ ವಿಭಾಗವಿದೆ.

ಮೆಚ್ಚುಗೆ ಬಂದಲ್ಲಿಗೆ ಹಣವೂ ಬಂತು, ಹಣದ ಹಿಂದೆ ಗೊಂದಲವೂ ಬಂತು. 2015ರ ಫೆಬ್ರುವರಿಯಲ್ಲಿ ಪ್ಯಾರಿಸ್‌ನಲ್ಲಿ ಆರ್ಟ್‌ಕ್ಯೂರಿಯಲ್ ಸಂಸ್ಥೆ ನಡೆಸಿದ ಹರಾಜು ಇದಕ್ಕೆ ಒಳ್ಳೆಯ ಉದಾಹರಣೆ. ಪಶ್ಚಿಮ ಫ್ರಾನ್ಸಿನ ಒಂದು ಎಸ್ಟೇಟಿನ ಶೆಡ್ಡುಗಳಲ್ಲಿ ದಶಕಗಳ ಕಾಲ ಮರೆತೇಹೋಗಿದ್ದ ಕಾರುಗಳ ರಾಶಿ ಅದು. ಒಂದು ಕಾಲಕ್ಕೆ ನಟ ಅಲಾಂ ದೆಲೋಂ ಅವರದಾಗಿದ್ದ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ ಅಲ್ಲಿ ಹಳೆಯ ಪತ್ರಿಕೆಗಳ ಕಂತೆಯಡಿ ಸಿಕ್ಕಿತ್ತು. ಧೂಳನ್ನೂ ಪೂರ್ತಿ ಒರೆಸದೆ ಹರಾಜಿಗಿಟ್ಟ ಆ ಕಾರು ಸುಮಾರು 1.6 ಕೋಟಿ ಯೂರೋಗೆ ಹೋಯಿತು. ಅಂದಿನಿಂದ ಧೂಳಿಗೂ ಬೆಲೆಯಿದೆ ಎಂದು ಹಲವರು ತಿಳಿದರು. ಆದರೆ ಅದೇ ರಾಶಿಯ ಎಷ್ಟೋ ಕಾರುಗಳು ತುಕ್ಕು ಹಿಡಿದು ಕುಸಿದಿದ್ದವು. ಅಲಕ್ಷ್ಯಕ್ಕೂ ಜೋಪಾನಕ್ಕೂ ವ್ಯತ್ಯಾಸವಿದೆ. ಒಣಗಿದ ಗ್ಯಾರೇಜಿನಲ್ಲಿಟ್ಟು, ವರ್ಷವರ್ಷ ಎಣ್ಣೆ ಬದಲಿಸಿ, ಆಗಾಗ ಓಡಿಸಿ ಉಳಿಸಿಕೊಂಡ ಕಾರು ಒಂದು. ಇಲಿ ಗೂಡು ಕಟ್ಟಿದ ಕಾರು ಇನ್ನೊಂದು. ಎರಡನ್ನೂ ‘ಮೂಲರೂಪ’ ಎಂದು ಕರೆದು ಮಾರುವ ದಲ್ಲಾಳಿಗಳ ಮಾತನ್ನು ಪೂರ್ತಿ ನಂಬಬಾರದು. ಬೇಕೆಂದೇ ಬಣ್ಣ ಮಾಸುವಂತೆ ಉಜ್ಜಿ, ಹೊಸ ಚರ್ಮವನ್ನು ಹಳೆಯದಾಗಿ ಕಾಣಿಸುವ ಕೈಚಳಕವೂ ಈಗ ಬಂದುಬಿಟ್ಟಿದೆ. ತುಕ್ಕನ್ನು ಮುಚ್ಚಿ ಮಾರುತ್ತಿದ್ದವರ ಜೊತೆಗೆ ತುಕ್ಕನ್ನು ತಯಾರಿಸಿ ಮಾರುವವರೂ ಸೇರಿಕೊಂಡರು!

ಆದ್ದರಿಂದಲೇ ನಿಜವಾದ ಕಾರನ್ನು ಮಾರುವವರ ಮಾತು ಬಿಚ್ಚುಮಾತಾಗಿರಬೇಕು. ಎಂಜಿನ್, ಗೇರ್‌ಬಾಕ್ಸ್, ಬಾಡಿ, ಚಾಸಿ ಇವುಗಳ ಮೇಲೆ ಕೊರೆದ ನಂಬರುಗಳು ಕಾರ್ಖಾನೆಯ ದಾಖಲೆಯೊಡನೆ ತಾಳೆಯಾಗಬೇಕು. ಜಾಗ್ವಾರ್ ಕಾರುಗಳಿಗೆ ಆ ಕಂಪನಿಯ ಪರಂಪರೆಯ ಟ್ರಸ್ಟು ಈ ವಿವರಗಳ ಪ್ರಮಾಣಪತ್ರ ಕೊಡುತ್ತದೆ. ಬಣ್ಣದ ದಪ್ಪವನ್ನು ಮೈಕ್ರಾನಿನಲ್ಲಿ ಅಳೆಯುವ ಸಣ್ಣ ಉಪಕರಣವನ್ನು ಕೊಳ್ಳುವವರು ಹೇಗೂ ತಂದೇ ತರುತ್ತಾರೆ. ಅದಕ್ಕೂ ಮುಂಚೆ ಮಾರುವವರೇ ಅಳೆದು, ಒಂದು ಮಡ್‌ಗಾರ್ಡಿಗೆ ಎಂದೋ ಮತ್ತೆ ಬಣ್ಣ ಹೊಡೆದಿದ್ದರೆ ಹಾಗೆಂದು ಹೇಳಿಬಿಡುವುದು ಮೇಲು. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ಹತ್ತು ನಿಜಗಳನ್ನೂ ಯಾರೂ ನಂಬುವುದಿಲ್ಲ. ಪೆಟ್ರೋಲ್ ಬಂಕಿನ ರಸೀತಿ, ಗ್ಯಾರೇಜಿನ ಬಿಲ್ಲು, ಬ್ರಿಟನ್ನಿನಲ್ಲಿ 1960ರಿಂದ ನಡೆದಿರುವ ವಾಹನ ತಪಾಸಣೆಯ ಹಳೆಯ ಚೀಟಿಗಳು, ಇವು ರದ್ದಿಯಂತೆ ಕಂಡರೂ ಓಡಿದ ಮೈಲಿಗಳಿಗೆ ಸಾಕ್ಷಿ.

ಟೈರು, ಬ್ರೇಕಿನ ರಬ್ಬರ್ ಪೈಪುಗಳ ವಿಷಯದಲ್ಲಿ ಮಾತ್ರ ಮೂಲರೂಪದ ಹಟ ಬೇಡ. ಐವತ್ತು ವರ್ಷದ ಟೈರು ಹಾಕಿ ಓಡಿಸುವುದು ಪ್ರಾಣದ ಜೊತೆ ಆಟ. ‘ಕಾರು ಇರುವುದೇ ಓಡಲು, ಮ್ಯೂಸಿಯಮ್ಮಿನಲ್ಲಿ ಕೂರಲು ಅಲ್ಲ’ ಎನ್ನುವವರ ವಾದದಲ್ಲೂ ಹುರುಳಿದೆ. ಹಾಗೆಂದು ಓಡಲು ಹೊಸ ಬಣ್ಣವೇನೂ ಬೇಕಿಲ್ಲ.

ಬಿಡಿಸಲಾಗದ ಗಂಟು ಇರುವುದು ಕೊಳ್ಳುವವರ ವಿಷಯದಲ್ಲಿ. ಹರಾಜಿನ ಸುತ್ತಿಗೆ ಬಿದ್ದ ಮೇಲೆ ಮಾರಿದವರ ಮಾತಿಗೆ ಬೆಲೆಯಿಲ್ಲ. ಮರುದಿನವೇ ಹೊಸ ಮಾಲೀಕರು ಅದನ್ನು ಬಿಚ್ಚಿ ಕೆಂಪು ಬಳಿಸಿದರೂ ಕೇಳುವಂತಿಲ್ಲ. ತಂದೆ ತೀರಿಕೊಂಡು ಮಕ್ಕಳು ಪಾಲಿಗಾಗಿ ಮಾರುತ್ತಿದ್ದರೆ ಅತಿ ಹೆಚ್ಚು ಕೊಟ್ಟವರಿಗೆ ಒಪ್ಪಿಸುವುದು ಸಹಜ, ಅದನ್ನು ಆಕ್ಷೇಪಿಸುವುದು ಅನ್ಯಾಯ. ಆದರೆ ಅವಸರವಿಲ್ಲದವರು ನೇರ ಮಾರಾಟಕ್ಕೆ ಒಂದಿಷ್ಟು ತಿಂಗಳು ಕಾಯಬಹುದು. ಬಂದವರನ್ನು ‘ಇದನ್ನು ಏನು ಮಾಡುತ್ತೀರಿ’ ಎಂದು ಕೇಳಬಹುದು. ಹಾಗೇ ಇಟ್ಟುಕೊಳ್ಳುವವರಿಗೆ ತುಸು ಕಡಿಮೆಗೆ ಕೊಟ್ಟರೂ ಅದು ನಷ್ಟವೆನ್ನಲಾಗದು.

ಭಾರತದಲ್ಲಿ ಈ ಪ್ರಶ್ನೆಗೆ ಕಾನೂನಿನ ಮಗ್ಗುಲೂ ಇದೆ. ವಿಂಟೇಜ್ ವಾಹನಗಳ ನೋಂದಣಿಗೆ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮಗಳ ಪ್ರಕಾರ ವಾಹನಕ್ಕೆ ಐವತ್ತು ವರ್ಷ ದಾಟಿರಬೇಕು, ಅದು ಮೂಲರೂಪದಲ್ಲಿರಬೇಕು, ದೊಡ್ಡ ಮಾರ್ಪಾಡಿಗೆ ಒಳಗಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಗುರುತು. ಕಾನೂನು ಹೀಗೆ ಮೂಲರೂಪವನ್ನು ಕೇಳುತ್ತಿದ್ದರೂ ಭಾನುವಾರದ ರ‍್ಯಾಲಿಗಳಲ್ಲಿ ಚಪ್ಪಾಳೆ ಬೀಳುವುದು ಮಾತ್ರ ಹೊಸ ಕ್ರೋಮಿಗೆ. ಮಾಟುಂಗಾದ ಯಾವುದೋ ಕಟ್ಟಡದ ಕೆಳಗೆ ಮೊದಲ ಮಾಲೀಕರ ಫಿಯೆಟ್ 1100 ಮೂಲ ಬಣ್ಣದಲ್ಲೇ ನಿಂತಿದ್ದರೆ, ಅದು ಸ್ಪೋರ್ಟ್ಸ್ ಕಾರಲ್ಲದಿದ್ದರೂ, ಮಾರುವವರು ಇದೇ ಸಂಯಮ ತೋರಬಹುದು. ಡಿಕ್ಕಿಯಲ್ಲಿರುವ ಮೂಲ ಜಾಕು, ಸ್ಪ್ಯಾನರಿನ ಚೀಲ, ಬಿಚ್ಚಿ ಬದಲಿಸಿದ ಹಳೆಯ ಕಾರ್ಬ್ಯುರೇಟರ್, ಇವನ್ನು ಗುಜರಿಗೆ ಹಾಕದೆ ಒಂದು ಡಬ್ಬಿಯಲ್ಲಿ ತುಂಬಿ, ಮೇಲೆ ಚೀಟಿ ಅಂಟಿಸಿ, ಕೀಲಿಯ ಜೊತೆಗೇ ಕೊಟ್ಟುಬಿಡಬೇಕು.