ಊರಿಲ್ಲದ ಸರ್ವೆ ನಂಬರು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಹಳೆಯ ತಾಲೂಕುಗಳಲ್ಲಿ ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಯಾರಿಗೂ ಸರ್ವೆ ನಂಬರೆಂದರೇನೆಂದು ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ಹನ್ನೆರಡನೆಯ ಸರ್ವೆ ನಂಬರು ಒಂದೇ ಊರಿನ ಸೊತ್ತಲ್ಲ. ಊರೂರಿಗೂ ಒಂದು ಹನ್ನೆರಡನೆಯ ನಂಬರು ಉಂಟು. ಒಂದು ಊರಿನಲ್ಲಿ ಅದು ಎರೆಹೊಲ, ಇನ್ನೊಂದರಲ್ಲಿ ಮಸಾರಿ, ಎಡದಂಡೆ ಕಾಲುವೆಯ ಕೆಳಗಿನ ಮತ್ತೊಂದರಲ್ಲಿ ಭತ್ತದ ಗದ್ದೆ. ಊರ ಹೆಸರನ್ನು ಬಿಟ್ಟು ಬರಿಯ ನಂಬರನ್ನು ಕೊಟ್ಟು ಟ್ರ್ಯಾಕ್ಟರಿನವನನ್ನು ಕಳುಹಿಸಿದರೆ ಅವನು ಯಾರ ಬೆಳೆಯನ್ನು ಹರಗಿ ಬರುವನೋ ಹೇಳಬಲ್ಲವರಾರು? ಗಣಕಯಂತ್ರದ ಒಳಗೆ ಇಂತಹುದೇ ಒಂದು ತೊಡಕು ಇದೆ. ಅದನ್ನು ಬಿಡಿಸಿದ ರೀತಿಯನ್ನು ಕುರಿತು ನನಗೊಂದು ಅಭಿಪ್ರಾಯವುಂಟು. ಕಲಾ ವಿಭಾಗದ ವಿದ್ಯಾರ್ಥಿಗೆ ಈ ಉಸಾಬರಿ ಏಕೆಂದು ನಗುವ ಮಿತ್ರರು ಸ್ವಲ್ಪ ತಾಳಬೇಕು; ಇದು ಗಣಿತಕ್ಕಿಂತ ಹೆಚ್ಚಾಗಿ ದಫ್ತರಿನ ವಿಷಯ, ದಫ್ತರಿನ ವಿಷಯವೆಂದರೆ ಇತಿಹಾಸ ಓದುವವರ ವಿಷಯವೇ ಸರಿ.

ಯಂತ್ರದಲ್ಲಿ ಏಕಕಾಲಕ್ಕೆ ನೂರಾರು ಕ್ರಮವಿಧಿಗಳು ನಡೆಯುತ್ತಿರುತ್ತವೆ. ಪ್ರತಿಯೊಂದಕ್ಕೂ ಸ್ಮೃತಿಯಲ್ಲಿ ತನ್ನದೇ ಆದ ವಿಳಾಸಗಳ ಊರೊಂದಿರುತ್ತದೆ, ಅದನ್ನು ವಿಳಾಸಕ್ಷೇತ್ರವೆನ್ನೋಣ. ಎರಡು ಕ್ರಮವಿಧಿಗಳು ಒಂದೇ ವಿಳಾಸವನ್ನು ಹೇಳಿದರೂ ಅವು ತಲುಪುವ ಜಾಗಗಳು ಬೇರೆ ಬೇರೆ. ಯಾವ ಊರಿನ ಯಾವ ನಂಬರು ನಿಜವಾಗಿ ಎಲ್ಲಿದೆಯೆಂಬ ಪಹಣಿಗೆ ಪೇಜ್ ಟೇಬಲ್ ಎಂದು ಹೆಸರು. ಆ ಪಹಣಿಗಳನ್ನೆಲ್ಲ ಕಾಯುವ ಪಟವಾರಿಯೇ ಆಪರೇಟಿಂಗ್ ಸಿಸ್ಟಮ್.

ಪ್ರೊಸೆಸರ್ ಒಂದೇ ಸ್ಮೃತಿಯಲ್ಲಿ ಓಡಾಡುತ್ತಿದ್ದರೆ ಇಷ್ಟೇ ಸಾಕಾಗುತ್ತಿತ್ತು. ಆದರೆ ಡಿಸ್ಕು, ನೆಟ್‌ವರ್ಕ್ ಕಾರ್ಡು, ಚಿತ್ರ ಬಿಡಿಸುವ ಕಾರ್ಡು ಮೊದಲಾದ ಸಾಧನಗಳೂ ಪ್ರೊಸೆಸರನ್ನು ಕೇಳದೆ ನೇರವಾಗಿ ಸ್ಮೃತಿಯಲ್ಲಿ ಬರೆಯುತ್ತವೆ, ಓದುತ್ತವೆ. ಅವು ಎಲ್ಲಿ ಬೇಕೆಂದರಲ್ಲಿ ಕೈಹಾಕದಂತೆ ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿದರು, ಅವನೇ ಐ.ಓ.ಎಂ.ಎಂ.ಯು. ಮೊದಮೊದಲು ಒಂದು ಸಾಧನಕ್ಕೆ ಒಂದು ಪಹಣಿಯೆಂಬ ಏರ್ಪಾಡು ನಡೆಯಿತು. ಈಗಲಾದರೋ ಒಂದೇ ಸಾಧನ ಹತ್ತಾರು ಕ್ರಮವಿಧಿಗಳ ಕೆಲಸವನ್ನು ಬೆರೆಸಿಕೊಂಡು ಮಾಡುತ್ತದೆ. ಆದುದರಿಂದ ಸಾಧನವು ಸ್ಮೃತಿಯ ಬಾಗಿಲಿಗೆ ಬಂದಾಗಲೆಲ್ಲ ವಿಳಾಸದ ಜೊತೆಗೆ ಊರಿನ ಸಂಖ್ಯೆಯನ್ನೂ ಹೇಳಬೇಕಾಯಿತು. ಈ ಸಂಖ್ಯೆಯೇ ಪ್ರೋಸೆಸ್ ಅಡ್ರೆಸ್ ಸ್ಪೇಸ್ ಐಡಿ, ಚುಟುಕಾಗಿ ಪಾಸಿಡ್. ಪಿ.ಸಿ.ಐ. ಎಕ್ಸ್‌ಪ್ರೆಸ್ ನಿಯಮದಂತೆ ಇದರ ಅಗಲ 20 ಬಿಟ್ಟುಗಳು. ಎಂದರೆ ಒಟ್ಟು 10,48,576 ಊರುಗಳಿಗೆ ಹೆಸರಿಡಬಹುದು.

ಇದರಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಅಂಶವೊಂದಿದೆ. ಅರ್ಜಿದಾರನು ತನ್ನ ಊರನ್ನು ತಾನೇ ಬರೆಯುವಂತಿಲ್ಲ. ಇಂಟೆಲ್ ಕಂಪನಿಯ ಹೊಸ ಪ್ರೊಸೆಸರುಗಳಲ್ಲಿ ಎನ್‌ಕ್ಯೂ‌ಕಮ್ಯಾಂಡ್ ಎಂಬ ಆಜ್ಞೆಯೊಂದುಂಟು. ಕ್ರಮವಿಧಿಯು ಸಾಧನಕ್ಕೆ 64 ಬೈಟುಗಳ ಅರ್ಜಿಯನ್ನು ಕಳುಹಿಸುವಾಗ, ಪಟವಾರಿಯು ಮೊದಲೇ ಬರೆದಿಟ್ಟ ಗುಪ್ತ ರಿಜಿಸ್ಟರಿನಿಂದ ಪ್ರೊಸೆಸರ್ ತಾನೇ ಊರಿನ ಸಂಖ್ಯೆಯನ್ನು ತೆಗೆದು ಅರ್ಜಿಯಲ್ಲಿ ತುಂಬುತ್ತದೆ. ಪಕ್ಕದ ಊರವನೆಂದು ಸುಳ್ಳು ಹೇಳಲು ಅವಕಾಶವೇ ಇಲ್ಲ. ನಮ್ಮ ಕಚೇರಿಗಳಲ್ಲಿ ಇಂತಹ ರಿಜಿಸ್ಟರು ಇದ್ದಿದ್ದರೆ ಎಷ್ಟು ವ್ಯಾಜ್ಯಗಳು ತಪ್ಪುತ್ತಿದ್ದುವೋ!

ಆದರೆ ಸಂಖ್ಯೆ ಕೊಡುವುದು ಸುಲಭ. ಹಿಂದಕ್ಕೆ ಪಡೆಯುವುದೇ ಕಷ್ಟ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿಯಿತು. ಕೊಪ್ಪಳ ತಾಲೂಕಿನ ನದೀತೀರದ ಹಲವು ಊರುಗಳು ಹಿನ್ನೀರಿನಲ್ಲಿ ಮುಳುಗಿದುವು. ಹಾಗೆ ಮುಳುಗಿದ ಒಂದು ಊರಿನ ಹೆಸರನ್ನು ಮರುದಿನವೇ ಬೇರೆಲ್ಲಿಯೋ ಕಟ್ಟಿದ ಹೊಸ ಊರಿಗೆ ಇಟ್ಟರೆಂದು ಊಹಿಸಿರಿ. ದಾರಿಯಲ್ಲಿರುವ ಹಳೆಯ ಕಾಗದಗಳು, ಕೋರ್ಟಿನ ಸಮನ್ಸುಗಳು, ಮನಿಯಾರ್ಡರುಗಳು ಎಲ್ಲಿಗೆ ಹೋದಾವು? ನೇರವಾಗಿ ಹೊಸ ಊರಿಗೆ. ಹೊತ್ತು ತಂದ ಅಂಚೆಯವನದು ಏನೂ ತಪ್ಪಿಲ್ಲ. ಅವನು ಹೆಸರನ್ನು ಓದಿದ, ತಲುಪಿಸಿದ. ಸಾಧನದ ಪಾಡೂ ಹಾಗೆಯೇ. ಅದರ ಸಾಲಿನಲ್ಲಿ ಸತ್ತ ಕ್ರಮವಿಧಿಯ ಕೆಲಸ ಇನ್ನೂ ಬಾಕಿ ಇರಬಹುದು. ಅಷ್ಟರಲ್ಲಿ ಆ ಸಂಖ್ಯೆಯನ್ನು ಮತ್ತೊಂದಕ್ಕೆ ಕೊಟ್ಟರೆ, ಒಬ್ಬರ ಲೆಕ್ಕ ಇನ್ನೊಬ್ಬರ ಸ್ಮೃತಿಯಲ್ಲಿ ಬೀಳುತ್ತದೆ. ಒಂದೇ ಬಾಡಿಗೆ ಯಂತ್ರದಲ್ಲಿ ಬ್ಯಾಂಕೂ ಆಸ್ಪತ್ರೆಯೂ ಒಟ್ಟಿಗೆ ಒಕ್ಕಲಿರುವ ಈ ದಿನಗಳಲ್ಲಿ ಇದು ಸಣ್ಣ ಮಾತಲ್ಲ. ನಮ್ಮ ಪಹಣಿಗಳೂ ಈಗ ಗಣಕಯಂತ್ರದಲ್ಲಿಯೇ ಇವೆಯಷ್ಟೆ.

ಲಿನಕ್ಸ್ ಎಂಬ ಪ್ರಸಿದ್ಧ ಆಪರೇಟಿಂಗ್ ಸಿಸ್ಟಮಿನಲ್ಲಿ ಈ ಲೆಕ್ಕ ನಡೆದುಬಂದ ದಾರಿ ಸ್ವಾರಸ್ಯವಾಗಿದೆ. ಅದರ ಬರಹವೆಲ್ಲ ಬಹಿರಂಗವಾದುದರಿಂದ ಯಾರಾದರೂ ಓದಬಹುದು. ಮೊದಲಿನ ಯೋಜನೆಯಲ್ಲಿ ಜಿಪುಣತನವಿತ್ತು. ಕ್ರಮವಿಧಿಯು ಸಾಧನದ ಬಳಕೆಯನ್ನು ಆರಂಭಿಸಿದಾಗ ಸಂಖ್ಯೆ ಕೊಡುವುದು, ಎಷ್ಟು ಬಳಕೆಗಳಿವೆಯೆಂದು ಎಣಿಸುತ್ತಿರುವುದು, ಕೊನೆಯ ಬಳಕೆ ಮುಗಿದೊಡನೆ ಕಿತ್ತುಕೊಳ್ಳುವುದು. ಕ್ರಮವಿಧಿಯ ಎಳೆಗಳು ಹಲವು ಪ್ರೊಸೆಸರುಗಳಲ್ಲಿ ಹಂಚಿಹೋಗಿರುತ್ತವೆ. ಪ್ರತಿಯೊಂದು ಎಳೆಯ ರಿಜಿಸ್ಟರಿಗೂ ಡಂಗುರ ಸಾರಿ ತಿದ್ದಿಸಬೇಕು. ಆ ಡಂಗುರದ ಏರ್ಪಾಡೇ ದೋಷಪೂರಿತವೆಂದು ಕಂಡುಬಂದು 2021ರಲ್ಲಿ ಆ ಸೌಕರ್ಯವನ್ನೇ ಬಲವಂತವಾಗಿ ಮುಚ್ಚಿಬಿಟ್ಟರು.

2022ರಲ್ಲಿ, 5.18ನೆಯ ಆವೃತ್ತಿಯಲ್ಲಿ, ಅದು ಬೇರೊಂದು ನಿಯಮದೊಡನೆ ಮರಳಿ ಬಂದಿತು. ವಿಳಾಸಕ್ಷೇತ್ರಕ್ಕೆ ಮೊದಲ ಬಾರಿ ಬೇಕಾದಾಗ ಸಂಖ್ಯೆ ಕೊಡುವುದು. ಅದು ಸಾಯುವವರೆಗೂ ಆ ಸಂಖ್ಯೆ ಅದರದೇ. ಡಂಗುರವೂ ಇಲ್ಲ. ರಿಜಿಸ್ಟರಿನಲ್ಲಿ ಸಂಖ್ಯೆಯಿಲ್ಲದ ಎಳೆಯೊಂದು ಅರ್ಜಿ ಹಾಕಲು ಹೋದರೆ ತಡೆ ಬೀಳುತ್ತದೆ. ಪಟವಾರಿ ಬಂದು, ಇವರ ಊರಿಗೆ ಸಂಖ್ಯೆ ಇದೆಯಲ್ಲವೇ ಎಂದು ನೋಡಿ, ರಿಜಿಸ್ಟರಿನಲ್ಲಿ ತುಂಬಿ, ಮತ್ತೊಮ್ಮೆ ಹಾಕು ಎನ್ನುತ್ತಾನೆ. ಅಷ್ಟೇ.

ಅಷ್ಟಾದರೂ ಒಂದು ಎಡವಟ್ಟು ಉಳಿದಿತ್ತು. ಸಾವು ಎಂದರೆ ಯಾವ ಗಳಿಗೆ? ವಿಳಾಸಕ್ಷೇತ್ರಕ್ಕೆ ಲಿನಕ್ಸ್ ಎರಡು ಎಣಿಕೆಗಳನ್ನು ಇಟ್ಟಿದೆ: ಮನೆಯಲ್ಲಿ ವಾಸಿಸುವವರದು ಒಂದು, ಮನೆಯ ಕಾಗದಪತ್ರ ಹಿಡಿದವರದು ಇನ್ನೊಂದು. ಕೊನೆಯ ನಿವಾಸಿ ಹೊರಟೊಡನೆ ಸಂಖ್ಯೆಯನ್ನು ಬಿಟ್ಟುಕೊಡುತ್ತಿದ್ದರು. ಆಗಿನ್ನೂ ಸಾಧನದಿಂದ ಆ ಸಂಖ್ಯೆಯನ್ನು ಅಳಿಸುವ ಕೆಲಸ ಮುಗಿದಿರುತ್ತಿರಲಿಲ್ಲ. ಅದೇ ವರ್ಷ ತಿದ್ದಿ, ಕಾಗದ ಹಿಡಿದ ಕೊನೆಯವನೂ ಕೈಬಿಟ್ಟ ಮೇಲೆಯೇ ಸಂಖ್ಯೆ ಬಿಡುಗಡೆಯಾಗಬೇಕೆಂದು ಮಾಡಿದರು. ಮುಳುಗಡೆಯ ಊರನ್ನು ಬಿಟ್ಟುಬಂದವರ ಮಕ್ಕಳಿಗೆ ಈ ಎರಡು ಎಣಿಕೆಗಳ ವ್ಯತ್ಯಾಸ ಬೇಗ ಹೊಳೆದೀತು.

ಈ ಉದಾರ ನಿಯಮವೇ ಸರಿಯೆಂಬುದು ನನ್ನ ವಾದ. ಇದಕ್ಕೆ ಎದುರು ಹೇಳುವವರು ಪ್ರೊಸೆಸರಿನ ಉದಾಹರಣೆಯನ್ನು ತರುತ್ತಾರೆ. ಪ್ರೊಸೆಸರಿನೊಳಗೂ ಇಂತಹ ಊರ ಸಂಖ್ಯೆಗಳುಂಟು. ಇಂಟೆಲ್ ಬಗೆಯವುಗಳಲ್ಲಿ 4096 ಸಂಖ್ಯೆಗಳಿಗೆ ಎಡೆಯಿದ್ದರೂ ಲಿನಕ್ಸ್ ಪ್ರತಿ ಪ್ರೊಸೆಸರಿಗೆ ಆರನ್ನೇ ತಿರುಗಿಸಿ ತಿರುಗಿಸಿ ಬಳಸುತ್ತದೆ! ಆರ್ಮ್ ಬಗೆಯವುಗಳಲ್ಲಿ ಸಂಖ್ಯೆಗಳು ಮುಗಿದೊಡನೆ ಹಳೆಯವನ್ನೆಲ್ಲ ಅಳಿಸಿ ಹೊಸ ತಲೆಮಾರನ್ನು ಆರಂಭಿಸುತ್ತಾರೆ. ಅಲ್ಲಿ ನಡೆಯುವ ಮಿತವ್ಯಯ ಇಲ್ಲೇಕೆ ಬೇಡ? ಏಕೆಂದರೆ ಪ್ರೊಸೆಸರ್ ಪಟವಾರಿಯ ಕೈಯಳತೆಯಲ್ಲಿಯೇ ಇದೆ. ನಿಲ್ಲೆಂದರೆ ನಿಲ್ಲುತ್ತದೆ, ಮರೆ ಎಂದರೆ ಆಗಲೇ ಮರೆಯುತ್ತದೆ. ಸಾಧನವು ದೂರದ ಕೂಲಿ. ಅದಕ್ಕೆ ತನ್ನದೇ ಸಾಲು, ಕೆಲವಕ್ಕೆ ವಿಳಾಸಗಳನ್ನು ಬರೆದಿಟ್ಟುಕೊಳ್ಳುವ ತಮ್ಮದೇ ಕಿರುಪುಸ್ತಕ. ಕರೆ ಕಳುಹಿಸಿ ಉತ್ತರ ಬರುವವರೆಗೆ ಕಾಯಬೇಕು. ಒಡನೆ ಮರೆಸಲಾಗದ ಕಡೆ ಮಿತವ್ಯಯವೆಂಬುದು ದುಬಾರಿ.

ಇನ್ನು, ಸಾಧನಸಾಧನಕ್ಕೂ ಬೇರೆ ಬೇರೆ ಸಂಖ್ಯೆ ಇರಲಿ ಎನ್ನುವವರೂ ಇದ್ದಾರೆ. ಎನ್‌ಕ್ಯೂ‌ಕಮ್ಯಾಂಡ್ ಬಳಸುವಲ್ಲಿ ಒಂದು ಎಳೆಗೆ ಒಂದೇ ರಿಜಿಸ್ಟರು ಇರುವುದರಿಂದ ಅದು ಆಗದ ಮಾತು; ಯಂತ್ರಕ್ಕೆಲ್ಲ ಒಂದೇ ಸಂಖ್ಯೆ. ಆಗುವಂತಿದ್ದರೂ ನಾನು ಒಪ್ಪುತ್ತಿರಲಿಲ್ಲ. ಕುಕನೂರು ಯಲಬುರ್ಗಾದಿಂದಲೂ, ಕನಕಗಿರಿ ಕಾರಟಗಿಗಳು ಗಂಗಾವತಿಯಿಂದಲೂ ಬೇರ್ಪಟ್ಟು ತಾಲೂಕುಗಳಾದುವು. ಊರುಗಳಿಗೆ ತಾಲೂಕಿಗೊಂದರಂತೆ ಹೆಸರಿಟ್ಟಿದ್ದರೆ ಅಂದು ಆಗಬಹುದಾಗಿದ್ದ ಫಜೀತಿಯನ್ನು ವಾಚಕರೇ ಊಹಿಸಬಹುದು.

ಹಾಗಾದರೆ ಒಂದೇ ನಿಮಿಷ ಸಾಧನವನ್ನು ಬಳಸಿ, ಆಮೇಲೆ ವರ್ಷವಿಡೀ ಸುಮ್ಮನೆ ನಡೆಯುತ್ತಿರುವ ಕ್ರಮವಿಧಿಯೂ ವರ್ಷವಿಡೀ ಒಂದು ಸಂಖ್ಯೆಯನ್ನು ಹಿಡಿದುಕೊಂಡಿರುತ್ತದೆ. ಇರಲಿ, ಹತ್ತು ಲಕ್ಷಕ್ಕೂ ಮೇಲಿವೆ.